ಆರ್ಟೀಮಿಯಾ ಮೊಟ್ಟೆ ಡಬ್ಬ, ಬಾಟಲಿ ಹ್ಯಾಚರಿ ಕಿಟ್: ಚಿಕ್ಕಮಗಳೂರಿನ ಮಳೆಗಾಲ ಕಂಡ ಮೇಲೆ

ಆರ್ಟೀಮಿಯಾ ಅಂದರೆ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ; ಮೊಟ್ಟೆ ಒಡೆಸಿ ಅದರ ಮರಿಯನ್ನು ಅಕ್ವೇರಿಯಂ ಮೀನಿನ ಮರಿಗಳಿಗೆ ತಿನ್ನಿಸುತ್ತಾರೆ. ಶೇ 90 ಮೊಟ್ಟೆ ಒಡೆಯುತ್ತವೆ ಅಂತ ಡಬ್ಬದ ಮೇಲೆ ಬರೆದಿರುವುದು ಸುಳ್ಳಲ್ಲ. ಏಪ್ರಿಲ್‌ನಲ್ಲಿ ಹೊಸ ಡಬ್ಬ ತೆರೆದು ಹಾಕಿದರೆ ಹತ್ತರಲ್ಲಿ ಎಂಟೊಂಬತ್ತು ಮೊಟ್ಟೆ ಒಡೆದೇ ಒಡೆಯುತ್ತವೆ. ಅದೇ ಡಬ್ಬ ಜುಲೈ ಹೊತ್ತಿಗೆ ಅರ್ಧಕ್ಕರ್ಧ ಕೈಕೊಡುತ್ತದೆ. ಕಳಪೆ ಮಾಲು ಅಂತ ಅಂಗಡಿಯವರ ಜೊತೆ ಜಗಳಕ್ಕೆ ಇಳಿಯುವ ಮುಂಚೆ ಮನೆಯೊಳಗಿನ ತೇವ ನೋಡಿಕೊಳ್ಳಬೇಕು. ಮಲೆನಾಡಿನಲ್ಲಿ ಈ ಮೊಟ್ಟೆ ಹಾಳಾಗುವುದು ನೀರಿಗೆ ಬೀಳುವ ಮೊದಲೇ, ಡಬ್ಬದೊಳಗೇ.

ಅಮೆರಿಕದ ಗ್ರೇಟ್ ಸಾಲ್ಟ್ ಲೇಕ್‌ನಂಥ ಉಪ್ಪು ಸರೋವರಗಳಿಂದ ಬಾಚಿ ತಂದ ಮೊಟ್ಟೆಗಳನ್ನು ನೀರಿನಂಶ ಶೇ 10ಕ್ಕಿಂತ ಕೆಳಗಿಳಿಯುವವರೆಗೆ ಒಣಗಿಸಿ ಸೀಲ್ ಮಾಡಿರುತ್ತಾರೆ. ಅಷ್ಟು ಒಣಗಿದ್ದಾಗ ಒಳಗಿನ ಜೀವ ವರ್ಷಗಟ್ಟಲೆ ಸುಮ್ಮನೆ ಮಲಗಿರುತ್ತದೆ. ತೇವ ಸ್ವಲ್ಪ ಏರಿತೋ, ಅರೆಬರೆ ಎಚ್ಚರವಾಗಿ ಕೂಡಿಟ್ಟ ಶಕ್ತಿಯನ್ನು ಕರಗಿಸತೊಡಗುತ್ತದೆ. ಒಡೆದು ಹೊರಬರುವಷ್ಟು ನೀರು ಮಾತ್ರ ಸಿಕ್ಕಿರುವುದಿಲ್ಲ. ಕೊನೆಗೆ ನಿಜವಾದ ಉಪ್ಪುನೀರಿಗೆ ಹಾಕಿದಾಗ ಅದರ ಕೈಲಿ ಏನೂ ಉಳಿದಿರುವುದಿಲ್ಲ. ಕಡೂರು, ಅರಸೀಕೆರೆ ಕಡೆಯವರಿಗೆ ಈ ದೂರು ಅತಿ ಅನ್ನಿಸಬಹುದು. ಮೂಡಿಗೆರೆ, ಕೊಪ್ಪ, ಸಕಲೇಶಪುರದವರಿಗೆ ಬಿಡಿಸಿ ಹೇಳಬೇಕಿಲ್ಲ. ಉಪ್ಪಿನ ಭರಣಿಯೇ ನೀರು ಬಿಡುವ ಊರುಗಳವು.

ಫ್ರಿಜ್‌ನಲ್ಲಿಡಿ ಅಂತ ಡಬ್ಬದ ಮೇಲಿದೆ. ಅದು ಸರಿ, ಆದರೆ ಅರ್ಧ ಮಾತು. ತಣ್ಣಗಿನ ಡಬ್ಬವನ್ನು ಹೊರತೆಗೆದು ಆ ಕ್ಷಣವೇ ಮುಚ್ಚಳ ತೆಗೆದರೆ ಮಳೆಗಾಲದ ಗಾಳಿ ಒಳಗೆ ನುಗ್ಗಿ ಮೊಟ್ಟೆಯ ಮೇಲೆ ಬೆವರುತ್ತದೆ. ದಿನಕ್ಕೊಮ್ಮೆ ಹೀಗಾದರೆ ತಿಂಗಳಲ್ಲಿ ಕಥೆ ಮುಗಿಯಿತು. ಮಾಡಬೇಕಾದ್ದು ಇಷ್ಟು: ಡಬ್ಬವನ್ನು ಮಳೆ ಹಿಡಿಯುವ ಮುಂಚೆ, ಬಿಸಿಲಿರುವ ಮಧ್ಯಾಹ್ನ ತೆರೆಯಿರಿ. ಒಣಗಿದ ಸಣ್ಣ ಗಾಜಿನ ಸೀಸೆಗಳಿಗೆ ಹತ್ತತ್ತು ಗ್ರಾಂ ಹಂಚಿ, ಒಂದೊಂದರಲ್ಲೂ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮುಚ್ಚಳಕ್ಕೆ ಟೇಪ್ ಸುತ್ತಿ ಫ್ರಿಜ್‌ಗೆ ಸೇರಿಸಿ. ಬಳಕೆಗೆ ಒಂದೇ ಸೀಸೆ ಹೊರಗಿರಲಿ. ಹೊಸದನ್ನು ತೆಗೆದಾಗ ರೂಮಿನ ಬಿಸಿಗೆ ಬರುವ ತನಕ ಮುಚ್ಚಳ ಮುಟ್ಟಬೇಡಿ. ಚಮಚವೂ ಒಣಗಿರಬೇಕು. ಒಳ್ಳೆಯ ಮೊಟ್ಟೆ ಸೀಸೆ ವಾಲಿಸಿದರೆ ನುಣ್ಣನೆ ಮರಳಿನ ಹಾಗೆ ಜಾರುತ್ತದೆ. ಗಂಟು ಕಟ್ಟಿದ್ದರೆ ತೇವ ಸೇರಿದೆ ಅಂತಲೇ ಲೆಕ್ಕ. ಸಿಲಿಕಾ ಜೆಲ್ ಜೊತೆ ಮತ್ತೆ ಒಣಗಿಸಿದರೆ ಸ್ವಲ್ಪ ಉಳಿಯುತ್ತದೆ, ಪೂರ್ತಿ ಅಲ್ಲ.

ಇನ್ನು ಕಿಟ್. ತಲೆಕೆಳಗಾಗಿ ನಿಲ್ಲಿಸಿದ ಕೂಲ್‌ಡ್ರಿಂಕ್ ಬಾಟಲಿಯ ಬಾಯಿಗೆ ತಿರುಗಿಸುವ ಮುಚ್ಚಳ, ಅದರಲ್ಲಿ ಗಾಳಿ ಪೈಪು, ಒಂದು ವಾಲ್ವು, ಒಂದು ಜರಡಿ, ಪುಟ್ಟ ಎಲ್‌ಇಡಿ. ಬಾಟಲಿಯ ಕುತ್ತಿಗೆಯಿಂದ ಗಾಳಿ ಏಳುವುದರಿಂದ ಮೊಟ್ಟೆ ತಳದಲ್ಲಿ ಕೂರುವುದಿಲ್ಲ. ಈ ವಿನ್ಯಾಸದ ಗುಟ್ಟೇ ಅದು. ಪೈಪಿನ ತುದಿಗೆ ಗಾಳಿಯನ್ನು ಸಣ್ಣ ಗುಳ್ಳೆ ಮಾಡುವ ಗಾಳಿಕಲ್ಲು ಸಿಕ್ಕಿಸುವ ಚಪಲ ಬೇಡ. ಸಣ್ಣ ಗುಳ್ಳೆ ನೊರೆ ಎಬ್ಬಿಸಿ ಮೊಟ್ಟೆಗಳನ್ನು ನೀರಿನ ಮೇಲಿನ ಗೋಡೆಗೆ ಅಂಟಿಸುತ್ತದೆ. ದೊಡ್ಡ ಗುಳ್ಳೆಯೇ ಚೆಂದ.

ಅಳತೆ: ಒಂದು ಲೀಟರ್ ನೀರು, 25 ಗ್ರಾಂ ಉಪ್ಪು, ಒಂದು ಗ್ರಾಂ ಮೊಟ್ಟೆ. ಒಂದು ಗ್ರಾಂನಲ್ಲಿ ಎರಡರಿಂದ ಮೂರು ಲಕ್ಷ ಮೊಟ್ಟೆ ಇರುತ್ತವೆ, ಮನೆಯ ಒಂದೆರಡು ಮೀನು ಮರಿ ತೊಟ್ಟಿಗೆ ಅರ್ಧ ಗ್ರಾಂ ಕೂಡ ಹೆಚ್ಚೇ. ಕಲ್ಲುಪ್ಪನ್ನು ಚಮಚದಲ್ಲಿ ಅಳೆಯಬೇಡಿ, ತೂಕ ಮಾಡಿ. ನಮ್ಮ ಕಡೆಯ ಮೆದು ನೀರಿಗೆ ಕಾಲು ಚಮಚ ಅಡುಗೆ ಸೋಡಾ ಬೆರೆಸಲೇಬೇಕು. ಪಿಎಚ್ 8ರ ಮೇಲಿದ್ದರೇ ಚಿಪ್ಪು ಸಲೀಸಾಗಿ ಬಿಡುವುದು. ಕೈಪಿಡಿಯಲ್ಲಿ ಸೋಡಾದ ಸುದ್ದಿಯೇ ಇಲ್ಲ.

ಮೊಟ್ಟೆಗೆ ಮೊದಲ ಕೆಲವು ಗಂಟೆ ಬೆಳಕು ಬೇಕು, ಅದನ್ನು ಎಲ್‌ಇಡಿ ಕೊಡುತ್ತದೆ. ಬಿಸಿ ಕೊಡುವುದಿಲ್ಲ. ರಾತ್ರಿ 20 ಡಿಗ್ರಿಗಿಂತ ಕೆಳಗಿಳಿಯುವ ಮನೆಯಲ್ಲಿ 24 ಗಂಟೆಯ ಕೆಲಸ 48 ಗಂಟೆಗೆ ಎಳೆಯುತ್ತದೆ. ತಡವಾದರೆ ಆಗಲಿ ಅನ್ನುವಂತಿಲ್ಲ: ಎಲ್ಲ ಒಟ್ಟಿಗೆ ಒಡೆಯದೆ ಇವತ್ತೊಂದಷ್ಟು, ನಾಳೆಯೊಂದಷ್ಟು ಒಡೆಯುತ್ತವೆ. ಮೊದಲು ಹೊರಬಂದ ಮರಿ ಹುಟ್ಟುವಾಗ ಹೊತ್ತು ತಂದ ಆಹಾರವನ್ನು ಹೊತ್ತು ಕಳೆದಂತೆ ಕರಗಿಸುತ್ತಾ ಬಣ್ಣಗೆಡುತ್ತದೆ. ಮೀನು ಮರಿಗೆ ಬೇಕಿರುವುದು ಆ ಕಿತ್ತಳೆ ಬಣ್ಣದ ಸತ್ವವೇ. ಹೀಟರನ್ನು ಬಾಟಲಿಯೊಳಗೆ ಇಳಿಸುವುದು ಬೇಡ. ಬಾಟಲಿಯನ್ನು ನೀರು ತುಂಬಿದ ಬಕೆಟ್‌ನಲ್ಲಿ ನಿಲ್ಲಿಸಿ, ಬಕೆಟ್‌ಗೆ 50 ವ್ಯಾಟ್‌ನ ಅಕ್ವೇರಿಯಂ ಹೀಟರ್ ಹಾಕಿ 28ಕ್ಕೆ ಇಡಿ.

ಇಷ್ಟೆಲ್ಲ ಬೈದರೂ ಈ ಕಿಟ್ ಮೂಲೆಗೆ ಹೋಗದಿರುವುದು ಬೆಳಗಿನ ಆ ಹತ್ತು ನಿಮಿಷದ ದೆಸೆಯಿಂದ. ಫಿಲ್ಟರ್‌ಗೆ ಕಾಫಿ ಪುಡಿ ಹಾಕಿ ಬಿಸಿನೀರು ಸುರಿದು, ಅತ್ತ ಗಾಳಿ ಪಂಪ್ ನಿಲ್ಲಿಸಿ, ಬಾಟಲಿಯ ಕೆಳಭಾಗಕ್ಕೆ ಮೊಬೈಲ್ ಟಾರ್ಚ್ ಒಡ್ಡಬೇಕು. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಖಾಲಿ ಚಿಪ್ಪೆಲ್ಲ ಮೇಲೆ ತೇಲಿ ಕಂದು ಪದರವಾಗಿರುತ್ತದೆ, ಒಡೆಯದ ಮೊಟ್ಟೆ ತಳಕ್ಕೆ ಕೂತಿರುತ್ತದೆ, ಬೆಳಕಿನ ಮುಂದೆ ಕಿತ್ತಳೆ ಮೋಡ ಕುದಿಯುತ್ತಿರುತ್ತದೆ. ವಾಲ್ವು ತಿರುಗಿಸಿ ಮೊದಲ ಒಂದೆರಡು ಚಮಚ ನೀರು ಚೆಲ್ಲಿಬಿಡಿ. ಒಡೆಯದ ಮೊಟ್ಟೆ ಸಣ್ಣ ಮೀನು ಮರಿಗಳ ಕರುಳಿಗೆ ಅಡ್ಡ ಬೀಳಬಹುದು. ಆಮೇಲೆ ಬರುವ ಕಿತ್ತಳೆಯನ್ನು ಜರಡಿಗೆ ಬಿಡಿ, ಚಿಪ್ಪಿನ ಪದರ ಹತ್ತಿರ ಬಂದೊಡನೆ ನಿಲ್ಲಿಸಿ. ಸಿಹಿನೀರಲ್ಲಿ ತೊಳೆದು ಪಿಪೆಟ್‌ನಲ್ಲಿ ಬಿಟ್ಟರೆ ಗಪ್ಪಿ, ಏಂಜೆಲ್ ಮೀನಿನ ಮರಿಗಳ ಹೊಟ್ಟೆ ನೋಡನೋಡುತ್ತಲೇ ಕಿತ್ತಳೆಯಾಗುತ್ತದೆ. ಮೀನಿನ ಒಣ ಪುಡಿ ಆಹಾರ ಎಷ್ಟು ದುಬಾರಿಯದಾದರೂ ಈ ಬಣ್ಣ ಬರುವುದಿಲ್ಲ. ಮಿಕ್ಕದ್ದನ್ನು ಅಗಲ ತಟ್ಟೆಯ ಉಪ್ಪುನೀರಲ್ಲಿ ತೆಳ್ಳಗೆ ಹರಡಿ ಫ್ರಿಜ್‌ನಲ್ಲಿಟ್ಟರೆ ಮರುದಿನಕ್ಕೂ ಆದೀತು.

ಕರೆಂಟಿನ ವಿಷಯ ಬೇರೆ. ಮಳೆಗಾಳಿಗೆ ಲೈನಿನ ಮೇಲೆ ಮರ ಬಿದ್ದರೆ ಮೊಟ್ಟೆಯೆಲ್ಲ ಕುತ್ತಿಗೆಗೆ ಇಳಿದು ಉಸಿರುಗಟ್ಟುತ್ತವೆ. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರಂತೂ ಉಪ್ಪುನೀರು ಪೈಪಿನಲ್ಲಿ ವಾಪಸ್ ಹರಿದು ಅದನ್ನೂ ಕೊಲ್ಲುತ್ತದೆ. ನೀರು ಹೀಗೆ ವಾಪಸ್ ಹರಿಯದಂತೆ ತಡೆಯುವ ಚೆಕ್ ವಾಲ್ವನ್ನು ಕಿಟ್‌ನಲ್ಲಿ ಕೊಟ್ಟಿಲ್ಲ, ಬೇರೆಯಾಗಿ ಕೊಂಡು ಹಾಕಿ, ಪಂಪನ್ನು ಎತ್ತರದ ಶೆಲ್ಫಿನಲ್ಲಿಡಿ. ಬ್ಯಾಟರಿ ಪಂಪ್ ಒಂದಿದ್ದರೆ ನೆಮ್ಮದಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಷ್ಟೊಂದು ತಾಪತ್ರಯ ಬೇಡ ಅನ್ನುವವರು ಓಟ್ಸ್ ಗಂಜಿಯಲ್ಲಿ ಮೈಕ್ರೋವರ್ಮ್ ಅನ್ನುವ ಪುಟ್ಟ ಹುಳು ಸಾಕಿಕೊಳ್ಳಬಹುದು. ಕರೆಂಟು ಬೇಡ, 20 ಡಿಗ್ರಿಗೂ ತಕರಾರಿಲ್ಲ. ಬಕೆಟ್‌ನಲ್ಲಿ ಸೊಳ್ಳೆ ಮರಿ ಬೆಳೆಸುವ ಹಳೇ ಉಪಾಯಕ್ಕೆ ಮಾತ್ರ ಹೋಗಬೇಡಿ: 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಲಾರ್ವಾ ಬೆಳೆಯಲು ಬಿಟ್ಟ ಮನೆಗಳಿಗೂ ದಂಡ ಗೊತ್ತುಮಾಡಿದೆ.

ಕಿಟ್ ಕೊಳ್ಳಿ, ಆದರೆ ವಾಲ್ವನ್ನು ದಿನಾ ಸಿಹಿನೀರಲ್ಲಿ ತೊಳೆಯದಿದ್ದರೆ ಉಪ್ಪು ಕಟ್ಟಿ ಸೋರುತ್ತದೆ. 454 ಗ್ರಾಂ ಡಬ್ಬ ಗ್ರಾಂ ಲೆಕ್ಕದಲ್ಲಿ ಅಗ್ಗ ಅಂತ ಕಂಡರೂ ದಿನ ಬಿಟ್ಟು ದಿನ ಒಂದು ಗ್ರಾಂ ಹಾಕುವ ಮನೆಗೆ ಎರಡೂವರೆ ವರ್ಷದ ಮಾಲು ಅದು. ನಾಲ್ಕು ಜನ ಸೇರಿ ಹಂಚಿಕೊಳ್ಳುವುದಾದರೆ ಸರಿ, ಒಬ್ಬರೇ ಆದರೆ 50 ಗ್ರಾಂನ ಸೀಲ್ ಪ್ಯಾಕ್ ಸಾಕು. ಮಳೆಗಾಲದಲ್ಲಿ ಅಂಗಡಿಯಲ್ಲೇ ದೊಡ್ಡ ಡಬ್ಬ ಒಡೆದು ಜಿಪ್ ಕವರಿಗೆ ತುಂಬಿಕೊಡುವ ಮೊಟ್ಟೆಯನ್ನು ಪುಕ್ಕಟೆ ಕೊಟ್ಟರೂ ನೂರು ಮೊಟ್ಟೆ ಎಣಿಸಿ ತಟ್ಟೆಯ ಉಪ್ಪುನೀರಿಗೆ ಹಾಕಿ, 36 ಗಂಟೆ ಬಿಟ್ಟು ನೋಡಿಯೇ ಬಳಸಿ.