ಗ್ರೇಟ್‌ಫುಲ್ ಡೆಡ್: ಕಾರ್ನೆಲ್‌ನ ರಾತ್ರಿಗಿಂತ ವೆನೀಟಾದ ಬಿಸಿಲು ಮೇಲು

ಅಮೆರಿಕದ ರಾಕ್ ಸಂಗೀತ ತಂಡ ಗ್ರೇಟ್‌ಫುಲ್ ಡೆಡ್ ಅನ್ನು ಹೊಸದಾಗಿ ಕೇಳಹೊರಟವರ ಕೈಗೆ ಅಭಿಮಾನಿಗಳು ಸಾಮಾನ್ಯವಾಗಿ ಮೊದಲು ಕೊಡುವುದು 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ನಡೆದ ಕಾರ್ಯಕ್ರಮದ ಧ್ವನಿಮುದ್ರಣವನ್ನು. ಅದಕ್ಕೆ ಕಾರಣವೂ ಇದೆ. ತಂಡದ ಧ್ವನಿಮುದ್ರಣ ತಂತ್ರಜ್ಞೆ ಬೆಟ್ಟಿ ಕ್ಯಾಂಟರ್-ಜ್ಯಾಕ್ಸನ್ ಅವರು ಮಾಡಿದ ಆ ಮುದ್ರಣದಲ್ಲಿ ಪ್ರತಿಯೊಂದು ವಾದ್ಯವೂ ಬಿಡಿಬಿಡಿಯಾಗಿ, ನಿಚ್ಚಳವಾಗಿ ಕೇಳುತ್ತದೆ. ಎರಡನೆಯ ಭಾಗದ ಆರಂಭದಲ್ಲಿ ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟಿ ಇಪ್ಪತ್ತೈದು ನಿಮಿಷಕ್ಕೂ ಮೀರಿ ಸಾಗುವ ನುಡಿಸಾಣಿಕೆಯಲ್ಲಿ ಬೆಸುಗೆ ಎಲ್ಲಿ ಬಿತ್ತೆಂದು ಹುಡುಕುವುದೇ ಒಂದು ಸುಖ. ಆದರೂ ನಾನು ಮತ್ತೆ ಮತ್ತೆ ಮರಳುವುದು ಅದಕ್ಕಲ್ಲ, 1972ರ ಆಗಸ್ಟ್ 27ರಂದು ಆರೆಗಾನ್ ರಾಜ್ಯದ ವೆನೀಟಾದ ಬಯಲಿನಲ್ಲಿ ನಡೆದ ಕಾರ್ಯಕ್ರಮಕ್ಕೆ.

ಅದು ಸ್ಪ್ರಿಂಗ್‌ಫೀಲ್ಡ್ ಕ್ರೀಮರಿ ಎಂಬ ಡೈರಿಯ ಸಹಾಯಾರ್ಥ ಏರ್ಪಟ್ಟಿದ್ದ ಕಾರ್ಯಕ್ರಮ. ಬಿಸಿಲು ಎಷ್ಟಿತ್ತೆಂದರೆ ಗಿಟಾರ್‌ಗಳ ಶ್ರುತಿ ನಿಲ್ಲುತ್ತಿರಲಿಲ್ಲ. ಗಾಯನವೂ ಅಲ್ಲಲ್ಲಿ ಸ್ವರಸ್ಥಾನ ಬಿಟ್ಟು ಜಾರುತ್ತದೆ. ಅಚ್ಚುಕಟ್ಟುತನವನ್ನೇ ಅಳತೆಗೋಲಾಗಿ ಹಿಡಿದರೆ ಕಾರ್ನೆಲ್ ಸುಲಭವಾಗಿ ಗೆಲ್ಲುತ್ತದೆ. ಆದರೆ ಈ ತಂಡವನ್ನು ಅಚ್ಚುಕಟ್ಟುತನಕ್ಕಾಗಿ ಕೇಳುವವರು ಎಷ್ಟು ಮಂದಿ?

ನನ್ನ ವಾದವೆಲ್ಲ ನಿಂತಿರುವುದು 'ಡಾರ್ಕ್ ಸ್ಟಾರ್' ಮೇಲೆ. 1968ರ ಸ್ಟುಡಿಯೋ ರೂಪದಲ್ಲಿ ಮೂರು ನಿಮಿಷವನ್ನೂ ಮುಟ್ಟದ ಈ ರಚನೆ, 1969ರ 'ಲೈವ್/ಡೆಡ್' ಆಲ್ಬಮ್‌ನಲ್ಲಿ ಇಪ್ಪತ್ತಮೂರು ನಿಮಿಷಕ್ಕೆ ಬೆಳೆದು, ವೆನೀಟಾದಲ್ಲಿ ಅರ್ಧ ಗಂಟೆಯನ್ನೂ ದಾಟುತ್ತದೆ. ಉದ್ದವೇ ಗುಣವಲ್ಲ, ನಿಜ. ಬೇಸರ ಹುಟ್ಟಿಸುವಷ್ಟು ಉದ್ದವಾದ ರಾತ್ರಿಗಳೂ ಈ ತಂಡದ ಖಾತೆಯಲ್ಲಿ ಬೇಕಾದಷ್ಟಿವೆ. ಇಲ್ಲಿ ಮುಖ್ಯವಾದದ್ದು ಯಾರೂ ಯಾರಿಗೂ ಪಕ್ಕವಾದ್ಯವಾಗಿ ಉಳಿಯುವುದಿಲ್ಲ ಎಂಬುದು. ಗಿಟಾರ್ ವಾದಕ ಜೆರಿ ಗಾರ್ಸಿಯಾ ಒಂದು ಎಳೆಯನ್ನು ಅರ್ಧಕ್ಕೆ ಬಿಟ್ಟರೆ ಫಿಲ್ ಲೆಶ್ ಅದನ್ನು ಬೇಸ್ ಗಿಟಾರ್‌ನಲ್ಲಿ ಎತ್ತಿಕೊಂಡು ಬೇರೆಯೇ ದಾರಿಗೆ ತಿರುಗಿಸುತ್ತಾರೆ; ಇನ್ನೊಬ್ಬ ಗಿಟಾರ್ ವಾದಕ ಬಾಬ್ ವಿಯರ್ ಲಯ ಹಿಡಿಯುವ ಬದಲು ನಡುವಿನ ಖಾಲಿ ಜಾಗಗಳಲ್ಲಿ ಚೂರುಚೂರು ಸ್ವರಗುಚ್ಛಗಳನ್ನು (ಕಾರ್ಡ್) ಇಡುತ್ತ ಹೋಗುತ್ತಾರೆ; ಕೀತ್ ಗಾಡ್‌ಶಾ ಅವರ ಪಿಯಾನೊ ಇವೆಲ್ಲದರ ನಡುವೆ ಹರಿಯುತ್ತದೆ.

ಇದು ಸಾಧ್ಯವಾದದ್ದಕ್ಕೆ ಮುಖ್ಯ ಕಾರಣ ಡ್ರಮ್ಸ್ ನುಡಿಸುತ್ತಿದ್ದವರು ಬಿಲ್ ಕ್ರಾಯ್ಟ್ಸ್‌ಮನ್ ಒಬ್ಬರೇ ಆಗಿದ್ದದ್ದು ಎಂದು ನನಗೆ ತೋರುತ್ತದೆ. ತಂಡದ ಇನ್ನೊಬ್ಬ ಡ್ರಮ್ಸ್ ವಾದಕ ಮಿಕಿ ಹಾರ್ಟ್ 1971ರಲ್ಲಿ ತಂಡದಿಂದ ಹೊರಗುಳಿದಿದ್ದರು. ಒಬ್ಬನೇ ತಾಳಗಾರನಿದ್ದಾಗ ಲಯವನ್ನು ಕ್ಷಣದಲ್ಲಿ ಮುರಿಯಬಹುದು, ಕರಗಿಸಬಹುದು, ಜ್ಯಾಝ್ ಕಡೆಗೆ ವಾಲಿಸಬಹುದು. ಹಾರ್ಟ್ ಮರಳಿದ ಮೇಲಿನ 1977ರ ತಂಡಕ್ಕೆ ದೊಡ್ಡ ರಥದ ಗಾಂಭೀರ್ಯವಿದೆ. ಕಾರ್ನೆಲ್‌ನಲ್ಲಿ ಎರಡೇ ಸ್ವರಗುಚ್ಛಗಳ ಮೇಲೆ ಅಷ್ಟು ಹೊತ್ತು ತೂಗುತ್ತ ಕೂತರೂ ಸಾಕೆನಿಸದಿರುವುದು ಆ ಜೋಡಿ ಡ್ರಮ್ಸ್‌ನ ಬಲದಿಂದಲೇ. ಆದರೆ ರಥವನ್ನು ಓಣಿಯಲ್ಲಿ ತಿರುಗಿಸುವುದು ಕಷ್ಟ.

ಕೇಳುವವರಿಗೆ ಒಂದು ಸಲಹೆ: 2013ರಲ್ಲಿ ಅಧಿಕೃತವಾಗಿ ಹೊರಬಂದ ವೆನೀಟಾ ಮುದ್ರಣದಲ್ಲಿ 'ಡಾರ್ಕ್ ಸ್ಟಾರ್' ಅನ್ನು ಮಾತ್ರ ಹೆಕ್ಕಿ ಕೇಳಿ ನಿಲ್ಲಿಸಬೇಡಿ. ಅಷ್ಟು ಹೊತ್ತು ದಿಕ್ಕೇ ಇಲ್ಲದ ಶಬ್ದಲೋಕದಲ್ಲಿ ತೇಲಿಸಿದ ತಂಡ, ಅದರ ಬೆನ್ನಿಗೇ ಏನೂ ಆಗಿಲ್ಲವೆಂಬಂತೆ ಒಂದು ಹಳೆಯ ಕೌಬಾಯ್ ಕಥನಗೀತೆಯನ್ನು ಎತ್ತಿಕೊಳ್ಳುತ್ತದೆ. ಮೊದಲ ಸಲ ಕೇಳಿದಾಗ ನಾನು ಗಟ್ಟಿಯಾಗಿ ನಕ್ಕಿದ್ದೆ.