ಸಂಶೋಧನಾ ದತ್ತಾಂಶಕ್ಕೆ ಜೆನೊಡೊ ಅಥವಾ ಡ್ರಯಾಡ್?

ದತ್ತಾಂಶ ನಿರ್ವಹಣೆಯ ಯೋಜನೆ ಬರೆಯುವಾಗಲೇ ಅದನ್ನು ಕೊನೆಗೆ ಎಲ್ಲಿ ಇಡುತ್ತೇವೆಂಬುದನ್ನು ತೀರ್ಮಾನಿಸಬೇಕು. ಜೆನೊಡೊ, ಡ್ರಯಾಡ್ ಎರಡೂ ಸಂಶೋಧಕರು ತಮ್ಮ ದತ್ತಾಂಶವನ್ನು ಇಟ್ಟು ಹಂಚುವ ಆನ್‌ಲೈನ್ ಭಂಡಾರಗಳು. ಯುರೋಪಿನ ಕಣಭೌತಶಾಸ್ತ್ರ ಸಂಶೋಧನಾ ಸಂಸ್ಥೆಯಾದ ಸರ್ನ್‌ನಲ್ಲಿ 2013ರಲ್ಲಿ ಆರಂಭವಾದ ಜೆನೊಡೊ ಉಚಿತ. ಒಂದು ದಾಖಲೆಗೆ 50 ಜಿಬಿವರೆಗೆ ಜಾಗ ಕೊಡುತ್ತದೆ, ಮರುಬಳಕೆಯ ಪರವಾನಗಿಯ ಆಯ್ಕೆಯನ್ನು ನಮಗೇ ಬಿಡುತ್ತದೆ, ತಿದ್ದಿದ ಪ್ರತಿ ಆವೃತ್ತಿಗೂ ಹೊಸ ಡಿಒಐ (ಶಾಶ್ವತ ಡಿಜಿಟಲ್ ಗುರುತು) ನೀಡುತ್ತದೆ. ಆದರೆ ವಿವರಣೆ ಸಾಕಷ್ಟಿದೆಯೇ ಎಂದು ಪ್ರಕಟಣೆಗೆ ಮುನ್ನ ನೋಡುವವರು ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಡ್ರಯಾಡ್ ಶುಲ್ಕ ಕೇಳುತ್ತದೆ, ಯಾರು ಹೇಗೆ ಬೇಕಾದರೂ ಬಳಸಲೆಂದು ಹಕ್ಕುಗಳನ್ನು ಬಿಟ್ಟುಕೊಡುವ ಸಿಸಿ0 ಒಂದನ್ನೇ ಒಪ್ಪುತ್ತದೆ. ಅದಕ್ಕೆ ಪ್ರತಿಯಾಗಿ ಅಲ್ಲಿನ ಪರಿಶೀಲಕರು ಕಡತಗಳನ್ನು ತೆರೆದು ನೋಡಿ, ವಿವರಣೆ ಸಾಲದಿದ್ದರೆ ತಿದ್ದಲು ಮರಳಿಸುತ್ತಾರೆ. ಮಣ್ಣಿನ ತೇವಾಂಶದ ಪಟ್ಟಿಯೊಂದರಲ್ಲಿ ‘ಆಳ’ ಎಂಬ ಕಾಲಂ ಅಂಗುಲದಲ್ಲಿದೆಯೋ ಸೆಂಟಿಮೀಟರಿನಲ್ಲಿದೆಯೋ ತಿಳಿಯದೆ ನಾನು ಇಡೀ ಪಟ್ಟಿಯನ್ನೇ ಕೈಬಿಟ್ಟದ್ದುಂಟು. ಹಾಗಾಗಿ ಮೊದಲ ಬಾರಿಗೆ ಹಂಚುವವರ ಬಳಿ ಹಣವಿದ್ದರೆ ಡ್ರಯಾಡನ್ನೇ ಸೂಚಿಸುತ್ತೇನೆ. ಕಡತ ನೋಡುವವರನ್ನು ನಿರ್ಬಂಧಿಸಬೇಕಿದ್ದರೆ ಮಾತ್ರ ಜೆನೊಡೊ ಸೂಕ್ತ.