ಬುಲೆಟ್ ಕಂಪ್ಯಾರೇಟರ್: ಸಿಟ್ಟು ಇಳಿಸಿದ ಪುಟ್ಟ ಸಾಮಾನು

ಬಂದೂಕಿನ ಕಾರ್ಟ್ರಿಜ್ (ತೋಟಾ) ನಾನೇ ಜೋಡಿಸುವಾಗ ಅಳತೆ ನೋಡಲು, ಡಿಜಿಟಲ್ ಕ್ಯಾಲಿಪರ್‌ಗೆ ಸಿಕ್ಕಿಸುವ ಕಂಪ್ಯಾರೇಟರ್ ತಗೊಂಡು ಕೆಲವು ತಿಂಗಳಾಯಿತು. ಮೊದಲು ಬರೀ ಕ್ಯಾಲಿಪರ್‌ನಲ್ಲೇ ಕಾರ್ಟ್ರಿಜ್‌ನ ಒಟ್ಟು ಉದ್ದ ಅಳೆಯುತ್ತಿದ್ದೆ. ಬುಲೆಟ್ ಒತ್ತಿ ಕೂರಿಸುವ ಸೀಟಿಂಗ್ ಡೈ ಒಂದೇ, ಸೆಟ್ಟಿಂಗ್ ಒಂದೇ, ಆದರೂ ಒಂದೊಂದಕ್ಕೂ ಒಂದೊಂದು ಅಂಕಿ ಬಂದು, ಸುಮ್ನೆ ಸೀಟಿಂಗ್ ಡೈಗೆ ಬೈದುಕೊಂಡು ಕೂತಿದ್ದೆ. ತಪ್ಪು ಅದರದಲ್ಲ. ತುದಿಯಲ್ಲಿ ತೂತಿರುವ ಹಾಲೋ ಪಾಯಿಂಟ್ ಬುಲೆಟ್‌ಗಳ ಮೂತಿಯೇ ಒರಟು, ಒಂದರಂತೆ ಇನ್ನೊಂದಿಲ್ಲ. ಕಂಪ್ಯಾರೇಟರ್ ಆ ತುದಿಯನ್ನು ಬಿಟ್ಟು ಪಕ್ಕದ ಬಾಗಿನ ಮೇಲೆ, ಅಂದರೆ ಓಜೈವ್ ಮೇಲೆ ಕೂರುತ್ತದೆ. ನನ್ನಲ್ಲಿ 0.2 ಮಿ.ಮೀ. ಇದ್ದ ವ್ಯತ್ಯಾಸ 0.03ಕ್ಕೆ ಇಳಿಯಿತು!

ಕಿರಿಕಿರಿ ಒಂದೇ, ಸ್ಕ್ರೂ ಚೂರು ಸಡಿಲವಾದರೂ ಸೊನ್ನೆ ಜಾರುತ್ತದೆ, ಪ್ರತಿ ಸಲ ನೋಡಿಕೊಳ್ಳಬೇಕು. ಹಾಗಂತ ಒಟ್ಟು ಉದ್ದ ಅಳೆಯುವುದನ್ನು ಬಿಡಬೇಡಿ. ಕಾರ್ಟ್ರಿಜ್ ಬಂದೂಕಿನ ಮ್ಯಾಗಜೀನ್‌ನಲ್ಲಿ (ತೋಟಾ ತುಂಬುವ ಡಬ್ಬಿಯಲ್ಲಿ) ಹಿಡಿಸಬೇಕಲ್ವಾ, ಅದನ್ನು ಕಂಪ್ಯಾರೇಟರ್ ಹೇಳುವುದಿಲ್ಲ.